ಸವೆಯದ ಅಟ್ಟೆ

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನ ಡಾಕ್ಟರು ಎರಡು ಮಾತು ಹೇಳಿದರು. ಊಟವಾದ ಮೇಲೆ ದಿನಾ ನಡೆಯಬೇಕು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದೆ, ಗಾಯವಾದರೂ ಗೊತ್ತಾಗುವುದಿಲ್ಲ, ಆದ್ದರಿಂದ ಒಳ್ಳೆಯ ಬೂಟಿಲ್ಲದೆ ಹೊರಗೆ ಕಾಲಿಡಬಾರದು. ಬೂಟು ಹೊಲಿಯುವುದೇ ನನ್ನ ಕಸುಬು. ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕೆ ತಳ್ಳಿ, ಮೆತ್ತನೆಯ ಚರ್ಮ ಆರಿಸಿ, ಒಳಗೆ ಒಂದು ಹೊಲಿಗೆಯೂ ಉಜ್ಜದ ಹಾಗೆ ಅವಳಿಗೊಂದು ಜೊತೆ ತಯಾರಿಸಿಕೊಟ್ಟೆ.

ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಧ್ಯಾಹ್ನ ಊಟ ಮುಗಿಸಿ ಅವಳು ನನ್ನೆದುರಿಗೇ ಲೇಸು ಕಟ್ಟಿ ಹೊರಡುತ್ತಿದ್ದಳು. ಕೆಲವು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಚೆನ್ನಾಗಿ ಇಳಿದಿತ್ತು. ಹಿಗ್ಗಿ ಹೋದ ನಾನು ಪಾಲಿಶ್ ಹಾಕೋಣವೆಂದು ಬೂಟನ್ನು ಕೈಗೆತ್ತಿಕೊಂಡು ಮಗುಚಿ ನೋಡಿದೆ.

ತಳದ ಅಟ್ಟೆ, ಹೊಲಿದ ದಿನ ಇದ್ದ ಹಾಗೇ ಇತ್ತು!

ತಲೆಗೆ ಹುಳ ಬಿಟ್ಟಂತಾಯಿತು. ನಡೆದಿದ್ದರೆ ಅಟ್ಟೆ ಸವೆಯಬೇಕು. ನಡೆಯದೇ ಇದ್ದರೆ ಸಕ್ಕರೆ ಇಳಿದದ್ದು ಹೇಗೆ? ಕೇಳಿದರೆ ಬಾಯಿ ಬಿಡುವ ಪೈಕಿ ಅಲ್ಲ ನಮ್ಮವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಮರುದಿನ ಅಂಗಡಿಗೆ ಬೀಗ ಹಾಕಿ ಕಳ್ಳನಂತೆ ಅವಳ ಹಿಂದೆಯೇ ಹೊರಟೆ.

ತಿರುವು ದಾಟಿದ ಕೂಡಲೇ ಅವಳು ಒಂದು ಕಟ್ಟೆಯ ಮೇಲೆ ಕೂತಳು. ಬೂಟು ಬಿಚ್ಚಿ, ಧೂಳು ಒರೆಸಿ, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಅದೇ ಚೀಲದಿಂದ ಹಳೆಯ ರಬ್ಬರ್ ಚಪ್ಪಲಿ ತೆಗೆದು ಮೆಟ್ಟಿಕೊಂಡು ಬಿರಬಿರನೆ ನಡೆದಳು. ಕೂತೇ ಬದುಕಿದ ನನಗೆ ಅವಳನ್ನು ಹಿಡಿಯುವಷ್ಟರಲ್ಲಿ ಏದುಸಿರು ಬಂತು.

"ಏನೇ ಇದು? ವಾಕಿಂಗ್ ಮಾಡೋದು ನೀನೋ, ಚೀಲದಲ್ಲಿರೋ ಬೂಟೋ?"

ಅವಳು ಬೆಚ್ಚಿಬಿದ್ದಳು. "ಅಯ್ಯೋ, ನೀವ್ಯಾಕ್ರೀ ಬಂದ್ರಿ?" ಎಂದು ಚೀಲವನ್ನು ಎದೆಗವಚಿಕೊಂಡಳು. "ಊರಿಗೆಲ್ಲ ಹೊಲಿದ್ರಿ. ನನಗೆ ಅಂತ ಹೊಲಿದಿದ್ದು ಇದೊಂದೇ. ಈ ಕಲ್ಲುಮಣ್ಣಲ್ಲಿ ಸವೆಸೋಕೆ ಮನಸ್ಸೇ ಬರಲ್ಲ ಕಣ್ರೀ."

ಬೂಟು ಹಾಕಿಸೋಣವೆಂದು ಚೀಲಕ್ಕೆ ಕೈ ಚಾಚಿದೆ. ತಲೆ ತಗ್ಗಿಸಿದಾಗ ಕಂಡಿತು, ಅವಳ ಎಡ ಚಪ್ಪಲಿಯ ಹಿಂಭಾಗ ಕೆಂಪಾಗಿತ್ತು. ಕೂರಿಸಿ ಕಾಲೆತ್ತಿ ನೋಡಿದೆ. ಯಾವಾಗ ಸಿಕ್ಕಿಕೊಂಡಿತ್ತೋ, ನನ್ನ ಅಂಗಡಿಯದೇ ಒಂದು ಸಣ್ಣ ಮೊಳೆ ರಬ್ಬರನ್ನು ತೂರಿಕೊಂಡು ಹಿಮ್ಮಡಿಗೆ ಚುಚ್ಚಿತ್ತು.

"ನೋವಾಗ್ಲಿಲ್ವೇನೇ?"

"ಯಾಕೆ, ಏನಾಯ್ತು?" ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನನಗೆ ಭಯವಾಯಿತು. ದಿನಾ ಮೊಳೆ ಹೊಡೆಯುವ ಕೈಯಿಂದಲೇ ಅದನ್ನು ಮೆಲ್ಲಗೆ ಕಿತ್ತೆ. "ಅಟ್ಟೆ ಸವೆದ್ರೆ ಬೇರೆ ಹಾಕ್ಕೊಡ್ತೀನಿ ಕಣೇ. ನಿನ್ನ ಕಾಲನ್ನ ಎಲ್ಲಿಂದ ತರಲಿ?" ಎಂದೆ. ಅಲ್ಲಿಂದ ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಬ್ಬರ್ ಚಪ್ಪಲಿ ದಾರಿಯ ಕಸದ ಡಬ್ಬ ಸೇರಿತು.

ಗಾಯ ನಿಧಾನವಾಗಿ ಮಾಯಿತು. ಈಗ ಊಟವಾದ ಮೇಲೆ ಇಬ್ಬರೂ ನಡೆಯುತ್ತೇವೆ, ಅವಳು ಬೂಟು ಹಾಕಿಕೊಂಡೇ. ನಿನ್ನೆ ಅದನ್ನು ಮತ್ತೆ ಮಗುಚಿ ನೋಡಿದೆ. ಹಿಮ್ಮಡಿಯ ಅಂಚು ಚೆನ್ನಾಗಿ ಸವೆದಿತ್ತು. ಸವೆದ ಬೂಟು ಕಂಡರೆ ನನಗೆ ಎಂದೂ ಸಂತೋಷವೇ, ಹೊಟ್ಟೆಪಾಡು ನೋಡಿ. ಆದರೆ ಕಣ್ಣು ತುಂಬಿ ಬಂದದ್ದು ಇದೇ ಮೊದಲು.