ಕ್ಯಾಮೆರಾದ ಈಚೆ

“ಇನ್ನೂ ಎಳೀಲಾ?” ಎಂದ ಮೇಕಪ್‌ನ ಗಸ್.

“ಎಳಿ.”

ಕಿವಿಯ ಮುಂದೆ ಅಂಟಿಸಿದ ಬಟ್ಟೆಯ ಚೂರುಗಳಿಂದ ದಾರ ಎಳೆದು, ನೆತ್ತಿಯ ಮೇಲೆ ಗಂಟು ಹಾಕಿ, ಅದನ್ನು ವಿಗ್ಗಿನಿಂದ ಮುಚ್ಚುವುದು ಅವನ ಕಸುಬು. ಕೆನ್ನೆ ಮೇಲೇರಿತು. ಕತ್ತಿನ ಜೋಲು ಎಲ್ಲೋ ಅಡಗಿಕೊಂಡಿತು. ಕನ್ನಡಿಯಲ್ಲಿ ಇಮೋಜೆನ್ ಥರ್ಲೋ ಬಂದು ಕೂತಳು. ಅಲ್ಲಿಯತನಕ ಕೂತಿದ್ದವಳನ್ನು ಸ್ಟುಡಿಯೋದಲ್ಲಿ ಯಾರೂ ಕೇಳುತ್ತಿರಲಿಲ್ಲ.

“ರೈಲ್ವೆ ಸ್ಟೇಷನ್ ಗುಡಿಸೋಳ ಪಾತ್ರ ಅಲ್ವಾ ಮೇಡಂ, ಸ್ವಲ್ಪ ಜೋತುಬಿದ್ರೂ ನಡೆಯುತ್ತೆ.”

“ಪಾತ್ರಕ್ಕೆ ನಡೆಯುತ್ತೆ. ನಂಗೆ ನಡೆಯಲ್ಲ.”

ಗಸ್ ನಕ್ಕ. ಅವಳಿಗೆ ನಗಲು ಆಗಲಿಲ್ಲ, ದಾರ ಬಿಗಿಯಾಗಿತ್ತು.

ಬೆಳಿಗ್ಗೆ ಏಜೆಂಟ್ ಸೋಲ್ ಫೋನ್ ಮಾಡಿದ್ದ. “ನೋಡು ತಾಯಿ, ಇವತ್ತಿನ ಕ್ಲೋಸಪ್ ನೋಡ್ಕೊಂಡು ಮೇಲಿನವರು ತೀರ್ಮಾನ ಮಾಡ್ತಾರಂತೆ. ಚೆನ್ನಾಗಿ ಬಂದ್ರೆ ಇನ್ನೊಂದು ವರ್ಷ ಇಟ್ಕೋತಾರೆ.”

“ಬರದೇ ಹೋದ್ರೆ?”

“ಕಾಫಿ ಕುಡಿದ್ಯಾ?” ಎಂದಿದ್ದ ಸೋಲ್.

ಚಿತ್ರದಲ್ಲಿ ಅವಳಿಗೆ ಇದ್ದದ್ದೇ ಒಂದು ದೃಶ್ಯ. ಹೆತ್ತು ಬಿಟ್ಟುಕೊಟ್ಟ ಮಗಳು ದೊಡ್ಡ ಮನೆ ಸೇರಿ, ದೊಡ್ಡವಳಾಗಿ, ತಾಯಿಯನ್ನು ಹುಡುಕುತ್ತ ಸ್ಟೇಷನ್ನಿಗೆ ಬರುತ್ತಾಳೆ. ತಾಯಿ ಗುರುತು ಹಿಡಿಯುತ್ತಾಳೆ. ಮಗಳ ಬಾಳು ಕೆಡದಿರಲಿ ಎಂದು ಸುಳ್ಳು ಹೇಳುತ್ತಾಳೆ: ‘ನೀನ್ಯಾರೋ ನಂಗೊತ್ತಿಲ್ಲಮ್ಮ. ರೈಲಿಗೆ ಹೊತ್ತಾಯ್ತು, ಹೋಗು.’ ಎರಡು ವಾಕ್ಯ. ಒಂದು ಕಾಲದಲ್ಲಿ ಇಂಥ ಕಥೆ ತಂದವರನ್ನು ಇಮೋಜೆನ್ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಈಗ ಆ ಎರಡು ವಾಕ್ಯವನ್ನು ಅಡಿಗೆಮನೆಯಲ್ಲಿ, ಕಾರಿನಲ್ಲಿ, ಸ್ನಾನದ ತೊಟ್ಟಿಯಲ್ಲಿ ಹೇಳಿ ಹೇಳಿ ಸವೆಸಿದ್ದಳು.

ಸೆಟ್ಟಿನಲ್ಲಿ ಅವಳ ಜಾಗದಲ್ಲಿ ಟಿಲ್ಲಿ ಬ್ರಾಂಟ್ ನಿಂತಿದ್ದಳು. ತಾರೆಗೆ ಆಯಾಸವಾಗದಿರಲಿ ಎಂದು, ದೀಪ ಹೊಂದಿಸುವಷ್ಟು ಹೊತ್ತು ಅದೇ ಎತ್ತರ ಅದೇ ಮೈಕಟ್ಟಿನ ಇನ್ನೊಬ್ಬಳನ್ನು ನಿಲ್ಲಿಸುವುದು ಸಿನಿಮಾದವರ ಪದ್ಧತಿ. ಟಿಲ್ಲಿ ಹರೆಯದಿಂದ ಅವಳ ಬದಲು ನಿಂತು ನಿಂತು ಅಲ್ಲೇ ಮುದುಕಿಯಾಗುತ್ತಿದ್ದಳು.

“ಮೊಣಕಾಲು ಹೇಗಿದೆ ಟಿಲ್ಲಿ?”

“ಇದೆ ಮೇಡಂ. ನಿಮ್ದು?”

ಇಬ್ಬರ ಮಾತೂ ಅಷ್ಟಕ್ಕೇ ಮುಗಿಯಿತು.

ನಿರ್ದೇಶಕ ಹ್ಯಾಸ್ಕೆಲ್ ಬಂದು ಅವಳ ಮೊಣಕೈ ಹಿಡಿದ. “ಇಮೋಜೆನ್, ಮೊದ್ಲು ಹುಡುಗಿದು ತಗೊಂಡ್ಬಿಡ್ತೀವಿ. ದೀಪ ಹೇಗೂ ಆ ಕಡೆ ಇದೆ. ನಿಮ್ದು ಊಟ ಆದ್ಮೇಲೆ. ಪರ್ವಾಗಿಲ್ಲ ತಾನೆ?”

“ನಂಗೇನು?”

ಮಗಳ ಪಾತ್ರದ ಜೋನೆಲ್ ರಾಯ್ಸ್‌ಗೆ ಇಪ್ಪತ್ತೆರಡು ವರ್ಷ. ಅವಳ ಮುಖಕ್ಕೆ ಯಾವ ದಾರವೂ ಬೇಕಿರಲಿಲ್ಲ. ಒಬ್ಬರ ಮುಖವನ್ನು ಹತ್ತಿರದಿಂದ ತೆಗೆಯುವಾಗ ಎದುರಿನವರು ಕ್ಯಾಮೆರಾದ ಪಕ್ಕ ನಿಂತು ಮಾತು ಒದಗಿಸಬೇಕು. ಪಳಗಿದವರು ಅಲ್ಲಿ ಬಾಯಿಗೆ ಬಂದಂತೆ ಗೊಣಗಿ ಮುಗಿಸುತ್ತಾರೆ. ಕ್ಯಾಮೆರಾ ತಮ್ಮ ಕಡೆ ತಿರುಗುವವರೆಗೆ ಒಳಗಿನದನ್ನು ಗಂಟುಕಟ್ಟಿ ಇಟ್ಟುಕೊಳ್ಳುತ್ತಾರೆ. ಇಮೋಜೆನ್‌ಗೂ ಇದು ಚೆನ್ನಾಗಿ ಗೊತ್ತಿತ್ತು. ಗೊಣಗಲೆಂದೇ ನಿಂತಳು.

ಹುಡುಗಿಗೆ ಅಳು ಬರಲಿಲ್ಲ. ಮತ್ತೆ ತೆಗೆದರು. ಬರಲಿಲ್ಲ. ತುಟಿ ನಡುಗಿಸಿದಳು, ಮೂಗು ಎಳೆದಳು. ಕಣ್ಣು ಒಣಗಿದ ಬಾವಿ. “ಅಯ್ಯೋ, ಸಾರಿ, ಸಾರಿ” ಎಂದು ಎಲ್ಲರಿಗೂ ಹೇಳಿದಳು. ದೀಪದವನೊಬ್ಬ ಮೇಲಿನಿಂದ ಆಕಳಿಸಿದ.

ಹ್ಯಾಸ್ಕೆಲ್ ಕಿವಿಯ ಹತ್ತಿರ ಬಂದ. “ಹುಡುಗಿಗೆ ಸ್ವಲ್ಪ ಏನಾದ್ರೂ ಕೊಡಿ ಇಮೋಜೆನ್. ನಿಮ್ಮ ಕೈಲಿ ಆಗುತ್ತೆ.”

ಕೊಡಲು ಏನಿದೆ ಎಂದು ಅವಳು ಒಳಗೆ ತಡಕಿದಳು. ತಾಯಿ ಸತ್ತದ್ದನ್ನು ನೆನೆದಳು. ಅಯೋವಾದ ಡ್ಯೂಬ್ಯೂಕ್‌ನಲ್ಲಿ ತಾಯಿ ಸತ್ತ ದಿನ ಇಮೋಜೆನ್ ನೃತ್ಯದ ದೃಶ್ಯದಲ್ಲಿದ್ದಳು. ಸಾವಿನ ತಂತಿ ಕೈಗೆ ಬಂದದ್ದು ಎರಡು ಹಾಡು ಮುಗಿದ ಮೇಲೆ. ತಾಯಿಯ ಮುಖ ನೆನಪಿಗೆ ಬರಲೇ ಇಲ್ಲ. ಬಂದದ್ದು ಜೂನಿಪರ್.

ಜೂನಿಪರ್ ಒಂದು ಕುದುರೆ. ಅದು ಇರಲೇ ಇಲ್ಲ. ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು ಇಲ್ಲಿಗೆ ಬಂದ ಮಿನ್ನಾ ಕ್ರೌಸ್‌ಳನ್ನು ಪ್ರಚಾರ ವಿಭಾಗದವನೊಬ್ಬ ಅಡಿಯಿಂದ ಮುಡಿಯವರೆಗೆ ನೋಡಿ, “ಓದಿದ ಹೆಣ್ಣನ್ನ ಯಾರಮ್ಮ ಪ್ರೀತಿಸ್ತಾರೆ?” ಎಂದಿದ್ದ. ಊಟದ ಹೊತ್ತಿಗೆ ಅವಳಿಗೆ ಇಮೋಜೆನ್ ಥರ್ಲೋ ಎಂಬ ಹೊಸ ಹೆಸರು ಬಂತು. ಸಂಜೆಯೊಳಗೆ ಬ್ರೆಡ್ ಸುಡುತ್ತಿದ್ದ ಅಪ್ಪ ಸರ್ಕಸ್ಸಿನವನಾದ. ಹಣೆಯ ಮೇಲೆ ಬಿಳಿ ಮಚ್ಚೆಯ ಕುದುರೆಯೊಂದು ಹುಟ್ಟಿ, ಬೆಂಕಿ ಬಿದ್ದ ಡೇರೆಯೊಳಗೆ ಅವಳ ಕೂಗು ಕೇಳಿ ಮತ್ತೆ ನುಗ್ಗಿ ಸತ್ತಿತು. ಪತ್ರಿಕೆಯವರು ಬಂದಾಗಲೆಲ್ಲ ಇದನ್ನೇ ಹೇಳಿದಳು. ಹೇಳಿ ಹೇಳಿ ಅದರ ಬೆವರಿನ ವಾಸನೆಯೂ ಗೊತ್ತಾಗಿಹೋಯಿತು. ಈಗ ಆ ಕುದುರೆ ಹೊಗೆಯೊಳಗಿಂದ ಕತ್ತೆತ್ತಿ ಅವಳನ್ನು ನೋಡಿತು.

“ನೀನ್ಯಾರೋ ನಂಗೊತ್ತಿಲ್ಲಮ್ಮ,” ಎಂದಳು ಇಮೋಜೆನ್.

ದನಿ ಎಲ್ಲಿಂದ ಬಂತೋ. ಕಣ್ಣೀರು ತಾನಾಗಿ ಇಳಿಯಿತು. ದಾರಕ್ಕೆ ಜಗ್ಗದೆ ಗಲ್ಲ ಅದುರಿತು. “ರೈಲಿಗೆ ಹೊತ್ತಾಯ್ತು, ಹೋಗು.” ಅದನ್ನು ನೋಡುತ್ತ ಜೋನೆಲ್ ಗಳಗಳನೆ ಅತ್ತುಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಇಮೋಜೆನ್‌ಗೆ ಎದೆ ಹಗುರಾಗಿ ಸಂತೋಷವಾಯಿತು, ನಿಜವಾದ ಸಂತೋಷ. ಕ್ಯಾಮೆರಾ ಅವಳಿಗೆ ಬೆನ್ನು ಹಾಕಿತ್ತು.

“ಕಟ್! ಪ್ರಿಂಟ್!” ಎಂದು ಹ್ಯಾಸ್ಕೆಲ್ ಕುಣಿದ. ಅವನು ಪ್ರಿಂಟ್ ಎಂದ ತುಣುಕು ಮಾತ್ರ ಮೇಲಿನವರ ಕಣ್ಣಿಗೆ ಬೀಳುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಹುಡುಗಿಗೆ.

ಜೋನೆಲ್ ಓಡಿಬಂದು ತಬ್ಬಿಕೊಂಡಳು. “ಮೇಡಂ, ನಾನು ಚೆನ್ನಾಗ್ ಮಾಡಿದ್ನಾ?”

“ಚೆನ್ನಾಗ್ ಮಾಡ್ದೆ.”

“ನಿಮ್ದು ತೆಗೆಯೋವಾಗ ನಾನೇ ನಿಲ್ತಿದ್ದೆ. ಆದ್ರೆ ಪತ್ರಿಕೆಯವರಿಗೆ ಫೋಟೋ ತೆಗೆಸ್ಕೋಬೇಕಂತೆ. ಬೇಜಾರಿಲ್ಲ ತಾನೆ?”

“ಛೆ, ಬೇಜಾರ್ಯಾಕೆ?”

ಊಟಕ್ಕೆ ಅವಳು ಚಿಕನ್ ಸೂಪನ್ನು ಕೊಳವೆಯಲ್ಲಿ ಹೀರಿದಳು. ಬಾಯಿ ತೆರೆದರೆ ಅಂಟು ಬಿಡುತ್ತಿತ್ತು.

ಮಧ್ಯಾಹ್ನ ಕ್ಯಾಮೆರಾ ತಿರುಗಿತು. ಜೋನೆಲ್ ಇದ್ದ ಜಾಗದಲ್ಲಿ ಚಿತ್ರಕಥೆ ನೋಡಿಕೊಳ್ಳುವ ಹೆಂಗಸು ಕನ್ನಡಕ ಏರಿಸಿ, ದಿನಸಿ ಸಾಮಾನು ಓದುವಂತೆ ಓದಿದಳು: “ಅಮ್ಮ, ನಾನಮ್ಮ, ನನ್ನ ಗುರುತು ಸಿಗಲಿಲ್ವಾ.”

ಇಮೋಜೆನ್ ಜೂನಿಪರನ್ನು ಕರೆದಳು. ಬಂತು. ಈ ಸಲ ಅದು ಕಾಗದದ ಕುದುರೆ. ಪತ್ರಿಕೆಯಲ್ಲಿ ಅಚ್ಚಾದ ಹಾಗೆ ಸುತ್ತ ಅಂಚು ಕೂಡ ಇತ್ತು.

ಮಾತು ಹೇಳಿದಳು. ಇನ್ನೊಮ್ಮೆ ಹೇಳಿದಳು. ಬೆಳಿಗ್ಗೆ ಗಲ್ಲ ಹೇಗೆ ಅದುರಿತ್ತು? ಅದನ್ನೇ ನೆನಪು ಮಾಡಿಕೊಂಡು ಅದುರಿಸಿದಳು. ದನಿ ಎಲ್ಲಿ ಒಡೆದಿತ್ತು? ಅಲ್ಲೇ ಒಡೆದಳು. ತನ್ನನ್ನು ತಾನೇ ಅಣಕಿಸುತ್ತಿದ್ದೇನೆ ಎಂದು ಹೊಳೆಯಿತು. ಗಸ್ ಬಂದು, ಕಣ್ಣೀರು ಬರಲೆಂದು ಕೊಳವೆಯಿಂದ ಕಣ್ಣಿಗೆ ಪುದೀನದ ಗಾಳಿ ಊದಿದ. ನೀರು ಬಂತು, ಈರುಳ್ಳಿ ಹೆಚ್ಚಿದವರಿಗೆ ಬರುವ ಹಾಗೆ.

“ಸಾಕು,” ಎಂದ ಹ್ಯಾಸ್ಕೆಲ್. “ಚೆನ್ನಾಗಿತ್ತು. ಥ್ಯಾಂಕ್ಯೂ.”

ಪ್ರಿಂಟ್ ಎನ್ನಲಿಲ್ಲ.

“ಇನ್ನೊಂದ್ ಸಲ ಮಾಡ್ತೀನಿ ಹ್ಯಾಸ್ಕೆಲ್.”

“ಬೇಡ, ಬೇಡ, ಬೇಕಾದ್ದು ಸಿಕ್ತು.” ಅವನು ಅವಳ ಭುಜದಾಚೆ ಏನನ್ನೋ ನೋಡುತ್ತಿದ್ದ.

“ಬೆಳಿಗ್ಗೆ ಬಂದಿತ್ತು. ನೀನೇ ನೋಡ್ದೆ.”

“ಬೆಳಿಗ್ಗೆ ನಾನು ಹುಡುಗೀನ ನೋಡ್ತಿದ್ದೆ ಇಮೋಜೆನ್.”

ಇಡೀ ದೃಶ್ಯವನ್ನು ತಾಯಿಯ ಬೆನ್ನ ಹಿಂದಿನಿಂದಲೇ, ಮಗಳ ಮುಖ ಮಾತ್ರ ಕಾಣುವಂತೆ ತೆಗೆಯುವುದೆಂದು ಅವನು ತೀರ್ಮಾನಿಸಿಯಾಗಿತ್ತು. ಹುಡುಗಿಗೆ ಕರೆ ಹೋಯಿತು. “ಬರೀ ಬೆನ್ನಿಗೋಸ್ಕರ ನಿಮ್ಮನ್ಯಾಕೆ ದಣಿಸ್ಲಿ?” ಎಂದ ಹ್ಯಾಸ್ಕೆಲ್. “ಟಿಲ್ಲಿ ಇದಾಳಲ್ಲ.”

ಉಡುಪಿನವಳು ಬಂದು ಅವಳ ಕಂದು ಕೋಟನ್ನು ಬಿಚ್ಚಿಕೊಂಡಳು. ಗಸ್ ವಿಗ್ಗನ್ನು ಎತ್ತಿದ. ದಾರದ ಗಂಟು ಕತ್ತರಿಸುವಾಗ ಯಾಕೋ ಅವಳ ಕಣ್ಣು ತಪ್ಪಿಸಿದ. ಕೆನ್ನೆ ಇಳಿದು ತನ್ನ ಜಾಗಕ್ಕೆ ಬಂತು. ಟಿಲ್ಲಿ ಕೋಟಿನ ತೋಳಿಗೆ ಕೈ ತೂರಿಸುತ್ತ, “ಇನ್ನೂ ಬೆಚ್ಚಗಿದೆ ಮೇಡಂ,” ಎಂದಳು.

ಇಮೋಜೆನ್ ಹೊರಟಿದ್ದಳು. ಬಾಗಿಲ ಹತ್ತಿರ ಹ್ಯಾಸ್ಕೆಲ್ ಓಡಿಬಂದ. “ಒಂದೇ ಒಂದು ಉಪಕಾರ. ನಿಮ್ಮ ದನಿ ಕೇಳದಿದ್ರೆ ಹುಡುಗಿ ಅಳಲ್ವಂತೆ. ಕ್ಯಾಮೆರಾ ಹಿಂದೆ ನಿಂತು ಆ ಮಾತು ಹೇಳ್ಬಿಡ್ತೀರಾ? ಬೆಳಿಗ್ಗೆ ಹೇಳಿದ್ರಲ್ಲ, ಹಾಗೆ.”

ಆಗಲ್ಲ ಎನ್ನಬೇಕೆಂದು ಬಾಯಿ ತೆರೆದಳು. “ಎಲ್ಲಿ ನಿಲ್ಲಲಿ?” ಎಂದು ಕೇಳಿದಳು.

ಕತ್ತಲಲ್ಲಿ, ತಂತಿಗಳ ನಡುವೆ, ವಿಗ್ಗಿನಡಿ ತಲೆಗೆ ಕಟ್ಟಿದ್ದ ಬಲೆಯಲ್ಲೇ ನಿಂತಳು. ಎದುರಿಗೆ ಬೆಳಕು ಹತ್ತಿತು. ಬೆಳಕಿನಲ್ಲಿ ಕಂದು ಕೋಟು, ಬಾಚಿ ಕಟ್ಟಿದ ಕೂದಲು, ಒಂದಿಷ್ಟು ಬಾಗಿದ ಬೆನ್ನು. ತನ್ನ ಬೆನ್ನನ್ನು ಅವಳು ತೆರೆಯ ಮೇಲೆ ಎಷ್ಟೋ ಸಲ ನೋಡಿದ್ದಳು. ಇದು ಅದೇ. ಎಳ್ಳಷ್ಟೂ ಬೇರೆಯಲ್ಲ.

“ಅಮ್ಮ,” ಎಂದಳು ಜೋನೆಲ್ ಆ ಬೆನ್ನಿನ ಎದುರು ನಿಂತು. “ನಾನಮ್ಮ. ನನ್ನ ಗುರುತು ಸಿಗಲಿಲ್ವಾ?”

ತಾಯಿಯನ್ನೂ ಕುದುರೆಯನ್ನೂ ಕರೆಯುವ ಅಗತ್ಯ ಬೀಳಲಿಲ್ಲ. ಇಮೋಜೆನ್ ಆ ಕೋಟನ್ನು ನೋಡಿದಳು.

“ನೀನ್ಯಾರೋ ನಂಗೊತ್ತಿಲ್ಲಮ್ಮ. ರೈಲಿಗೆ ಹೊತ್ತಾಯ್ತು, ಹೋಗು.”

ಹುಡುಗಿಯ ಕಣ್ಣು ತುಂಬಿ ಹರಿಯಿತು.

“ಪ್ರಿಂಟ್!” ಎಂದ ಹ್ಯಾಸ್ಕೆಲ್.

ಜನ ಕುರ್ಚಿ ಎಳೆದಾಡಿದರು, ಯಾರೋ ಹಾಸ್ಯ ಮಾಡಿ ನಕ್ಕರು. ದೀಪಗಳು ಒಂದೊಂದಾಗಿ ಆರತೊಡಗಿದವು. ಬೆನ್ನಿನ ಮೇಲಿನ ದೀಪ ಮಾತ್ರ ಉಳಿದಿತ್ತು. ಹೋಗು ಎಂದು ಯಾರೂ ಹೇಳದ್ದರಿಂದ ಟಿಲ್ಲಿ ನೆಲದ ಮೇಲಿನ ಗುರುತಿನಲ್ಲಿ ಹಾಗೇ ನಿಂತಿದ್ದಳು.

“ನೀನ್ಯಾರೋ ನಂಗೊತ್ತಿಲ್ಲಮ್ಮ,” ಎಂದಳು ಇಮೋಜೆನ್ ಮತ್ತೊಮ್ಮೆ, ಯಾರೂ ಕೇಳದಿದ್ದರೂ, ಮೆಲ್ಲಗೆ. ಆ ಬೆನ್ನು ಒಮ್ಮೆ ತಿರುಗಿದರೆ ಮುಖ ನೋಡಬಹುದಿತ್ತು.

ಕೋಟು ತಿರುಗಲಿಲ್ಲ.