ಅತ್ತೆ ಒಂದು ಚಮಚ, ಸೊಸೆ ಒಂದು ಚಮಚ

ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಎಲ್ಲರೂ ಡಾಕ್ಟರೇ. ಇಸ್ತ್ರಿ ಅಂಗಡಿಯವರ ಮನೆಯೂ ಹಾಗೇ. ಮಗಳು ಚೂಟಿಗೆ ಜ್ವರ ಬಂದಾಗ ತಾಯಿ ಔಷಧಿ ಕುಡಿಸಿ ಅಂಗಡಿಗೆ ಇಳಿಯುತ್ತಿದ್ದಳು. ಸೊಸೆಗೆ ಇಸ್ತ್ರಿಪೆಟ್ಟಿಗೆಯ ಮೇಲಿರುವ ಗಮನ ಮಗುವಿನ ಮೇಲಿಲ್ಲ ಎಂದುಕೊಂಡು ಅಜ್ಜಿ ಸದ್ದಿಲ್ಲದೆ ಇನ್ನೊಂದು ಚಮಚ ಕುಡಿಸುತ್ತಿದ್ದರು. ಜ್ವರವೇನೋ ಇಳಿಯಿತು, ವಾಂತಿ ಶುರುವಾಯಿತು. ಸದಾ ವಟಗುಟ್ಟುವ ಹುಡುಗಿ ಮಾತಿಲ್ಲದೆ ಮಲಗಿಬಿಟ್ಟಳು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು.

"ಲಿವರ್‌ಗೆ ಪೆಟ್ಟಾಗಿದೆ. ಮನೇಲಿ ಏನೇನು ಔಷಧಿ ಕೊಟ್ರಿ?" ಎಂದು ಡಾಕ್ಟರ್ ಕೇಳಿದರು.

"ಜಾಸ್ತಿ ಏನೂ ಕೊಟ್ಟಿಲ್ಲ," ಎಂದಳು ತಾಯಿ. ಅಳತೆಯ ಮುಚ್ಚಳ ಕಳೆದುಹೋಗಿ, ಊಟದ ಚಮಚದಲ್ಲೇ ಕುಡಿಸಿದ್ದನ್ನು ಅತ್ತೆಯ ಎದುರು ಹೇಗೆ ಹೇಳುವುದು? ಅಜ್ಜಿಯೂ ಕೈ ಹಿಸುಕುತ್ತ ಗೋಡೆ ನೋಡಿದರು.

ಅವರ ಮನೆಯ ಮೇಲಿನ ಮಹಡಿಯಲ್ಲಿರುವ ನರ್ಸಕ್ಕನಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರ್ ಹೊರಗೆ ಹೋದ ಮೇಲೆ ಅವರು ಬಂದು ಪಕ್ಕದಲ್ಲಿ ಕೂತರು.

"ರಕ್ತದಲ್ಲೇ ಎಲ್ಲ ಗೊತ್ತಾಗಲ್ವಾ ಅಕ್ಕಾ? ನಮ್ಮನ್ಯಾಕೆ ಕೇಳ್ತಾರೆ?" ಎಂದಳು ತಾಯಿ.

"ಲಿವರ್ ಒಳಗೆ ಎಎಲ್‌ಟಿ, ಎಎಸ್‌ಟಿ ಅನ್ನೋ ಕಿಣ್ವಗಳಿರ್ತವೆ ಕಣೇ. ಲಿವರ್‌ಗೆ ಏಟು ಬಿದ್ರೆ ಸೋರಿ ರಕ್ತಕ್ಕೆ ಬರ್ತವೆ. ಚೂಟಿಗೆ ವಿಪರೀತ ಏರಿವೆ. ಏಟು ಬಿದ್ದಿದೆ ಅಂತ ಅವು ಹೇಳ್ತವೆ, ಯಾಕೆ ಬಿತ್ತು ಅಂತ ನೀವು ಹೇಳ್ಬೇಕು. ಸೋಂಕಿದ್ರೆ ಒಂದು ಚಿಕಿತ್ಸೆ, ಔಷಧಿ ಹೆಚ್ಚಾಗಿದ್ರೆ ಇನ್ನೊಂದು."

"ಜ್ವರದ ಔಷಧಿ ತಾನೇ, ಅದೇನು ಮಾಡುತ್ತೆ?" ಎಂದರು ಅಜ್ಜಿ.

"ಪ್ಯಾರಸಿಟಮಾಲ್ ಅಳತೇಲಿದ್ರೆ ಒಳ್ಳೇದೇ ಅಜ್ಜಿ. ಮೀರಿದ್ರೆ ಲಿವರನ್ನೇ ಹಾಳು ಮಾಡುತ್ತೆ. ಅದಕ್ಕೆ ಮದ್ದಿದೆ. ತಡ ಆದಷ್ಟೂ ಕಷ್ಟ."

ಅಜ್ಜಿಯ ಮುಖ ಇಳಿಯಿತು. "ನಾನೂ ಕುಡಿಸ್ತಿದ್ದೆ. ಇವಳು ಮರೀತಾಳೆ ಅಂತ."

ತಪ್ಪನ್ನು ಅತ್ತೆಯ ಮೇಲೆ ಹಾಕಿ ಸುಮ್ಮನಿರೋಣ ಎಂದು ತಾಯಿಗೆ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳು ನಾಚಿಕೆಯಿಂದ ಕುಗ್ಗಿಹೋದಳು.

"ನಾನು ಊಟದ ಚಮಚದಲ್ಲಿ ಹಾಕ್ದೆ ಅತ್ತೆ. ಶೀತಕ್ಕೆ ಬೇರೆ ಸಿರಪ್ಪೂ ಕೊಟ್ಟೆ."

"ಅದರಲ್ಲೂ ಇದೇ ಔಷಧಿ ಇರಬಹುದು. ನಡೀರಿ, ಡಾಕ್ಟರ್‌ಗೆ ಈಗಲೇ ಹೇಳಿ," ಎಂದರು ನರ್ಸಕ್ಕ.

ಇಬ್ಬರೂ ತಲೆ ತಗ್ಗಿಸಿಕೊಂಡೇ ಹೇಳಿದರು. ಡಾಕ್ಟರ್ ಬೈಯಲಿಲ್ಲ, ಕೂಡಲೇ ಮದ್ದು ಶುರುಮಾಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದುಕೊಂಡಳು ತಾಯಿ.

ಮತ್ತೆ ಮತ್ತೆ ಪರೀಕ್ಷೆ ಮಾಡಿದಾಗ ಕಿಣ್ವಗಳು ನಿಧಾನವಾಗಿ ಇಳಿದವು. ಚೂಟಿ ಎದ್ದು ಕೂತು ನೀರು ಕೇಳಿದಳು. ಅವಳ ಮುಖ ನೋಡಲು ಇಬ್ಬರಿಗೂ ಧೈರ್ಯವಾಗಲಿಲ್ಲ. ನೀರು ಕುಡಿಸಿದ್ದು ನರ್ಸಕ್ಕ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಜ್ಜಿಯರೇ, ಮಗುವಿಗೆ ಔಷಧಿ ಕುಡಿಸುವವರು ಮನೆಯಲ್ಲಿ ಒಬ್ಬರೇ ಇರಲಿ. ಬಾಟಲಿಯ ಜೊತೆ ಬಂದ ಅಳತೆಯಲ್ಲೇ, ಡಾಕ್ಟರ್ ಹೇಳಿದಷ್ಟೇ ಕೊಡಿ. ವಾಂತಿ, ವಿಪರೀತ ಸುಸ್ತು, ಹಳದಿ ಕಣ್ಣು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ನಮಗೆ ನಾಚಿಕೆಯಾದರೆ ಆಗಲಿ, ಅದರ ಬೆಲೆಯನ್ನು ಮಗು ತೆರಬಾರದು.