ರುಕ್ಮವ್ವ ಗಿರಣಿ ಹಾಕುವ ಮೊದಲು

ಇಬ್ರಾಹಿಂಪುರದ ರುಕ್ಮವ್ವನಿಗೆ ಮನೆ ಪಕ್ಕದ ತಮ್ಮ ಖಾಲಿ ಜಾಗದಲ್ಲಿ ಗಿರಣಿ ಹಾಕುವ ಆಸೆ. ಒಂದು ಮಶಿನ್ ಜೋಳ ಬೀಸಲು, ಇನ್ನೊಂದು ಖಾರ ಕುಟ್ಟಲು. ನಕ್ಷೆ ತಯಾರಾಗಿತ್ತು. ಸೋಮವಾರ ಪರವಾನಗಿಗೆ ಅರ್ಜಿ ಕೊಡುವುದಷ್ಟೇ ಬಾಕಿ.

ಸ್ವಸಹಾಯ ಸಂಘದ ಗೆಳತಿ ಸಂಘಮಿತ್ರಾ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಛಲೋ ಐತಿ. ಬಾಜೂದವರಿಗೆ ತೋರಿಸಿದೇನ ಬೇ?"

ರುಕ್ಮವ್ವನಿಗಿಂತ ಮೊದಲೇ ಗಂಡ ಗೊಲ್ಲಾಳಪ್ಪ ಬಾಯಿ ಹಾಕಿದ. "ನಮ್ಮ ಜಾಗಾ, ನಮ್ಮ ಗಿರಣಿ. ಮಂದೀನ ಯಾಕ ಕೇಳಬೇಕವಾ? ಕೇಳಿದ್ರ ಬ್ಯಾಡ ಅಂತಾರ."

"ಬ್ಯಾಡ ಅನ್ನೋರು ಆಮ್ಯಾಲೂ ಅಂತಾರ್ರಿ ಅಣ್ಣಾರ. ನಮ್ಮ ಅಕ್ಕನ ಓಣ್ಯಾಗ ಹಂಗ ಆತು. ಮಶಿನ್ ಕುಂದ್ರಿಸಿದ ಮ್ಯಾಲ ಮಂದಿ ತಕರಾರ ಅರ್ಜಿ ಕೊಟ್ಟರು. ಕಚೇರಿಯವರು ಬಂದು ಗಿರಣಿಗೆ ಕೀಲಿ ಹಾಕಿ ಆರು ತಿಂಗಳಾತು, ಇನ್ನೂ ತಗದಿಲ್ಲ. ಕಾಗದದ ಮ್ಯಾಲಿನ ಗೀಟು ಅಳಸಬಹುದು, ಕಟ್ಟಿದ ಗ್ವಾಡಿ ಅಳಸಾಕ ಬರ್ತೈತೇನ್ರಿ?"

ರುಕ್ಮವ್ವನಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಹನ್ನೆರಡು ವರ್ಷ ಅಕ್ಕಪಕ್ಕದಲ್ಲೇ ಇದ್ದವರು ತನ್ನ ಗಿರಣಿಗೆ ಏನನ್ನಬಹುದು? ನಕ್ಷೆ ಸುತ್ತಿಕೊಂಡು ಹೊರಟೇಬಿಟ್ಟಳು. ಗೊಣಗುತ್ತ ಗೊಲ್ಲಾಳಪ್ಪನೂ ಹಿಂದೆ ಬಂದ.

ಪಕ್ಕದ ಮನೆಯ ಅಂಜುಮ ಹೊಲಿಗೆ ನಿಲ್ಲಿಸಿ ನಕ್ಷೆಯ ಮೇಲೆ ಬೆರಳಾಡಿಸಿದಳು.

"ಖಾರದ ಮಶಿನ್ ಇಲ್ಲೇನ್ರಿ ಅಕ್ಕಾ? ಇದು ನಮ್ಮ ಕಿಟಕಿ ಮಗ್ಗಲಾತಲ್ರಿ."

"ಆ ಕಿಟಕಿ ಯಾವಾಗ್ಲೂ ಮುಚ್ಚೇ ಇರ್ತೈತಲ್ಲ?" ಎಂದಳು ರುಕ್ಮವ್ವ.

"ಮಗಳಿಗೆ ದಮ್ಮು ಐತ್ರಿ. ಧೂಳಾ ಬರಬಾರದಂತ ಮುಚ್ಚಿರ್ತೀನಿ. ಖಾರದ ಘಾಟನ್ನ ಕಿಟಕಿ ತಡದೀತೇನ್ರಿ?"

ರುಕ್ಮವ್ವ ತಬ್ಬಿಬ್ಬಾದಳು. ತಮ್ಮ ಮುಖ ನೋಡಲಾಗದೆ ಕಿಟಕಿ ಮುಚ್ಚಿದ್ದಾರೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಹಿಂದಿನ ಮನೆಯ ಮುದುಕ ಬಸಗೊಂಡಪ್ಪ ಕನ್ನಡಕ ಏರಿಸಿ ಕೇಳಿದ: "ಪಾಯಾ ಇಲ್ಲಿ ತಗೀತೀರೇನವಾ? ಇದರ ಬುಡಕ ಓಣಿಗೆ ನೀರು ಬರೋ ಪೈಪ್ ಐತಿ. ಹೂಳೋ ಮುಂದ ನಾನ ನಿಂತು ನೋಡೀನಿ."

"ಖರೇ ಏನ ಕಾಕಾ?" ಎಂದ ಗೊಲ್ಲಾಳಪ್ಪ, ನಂಬದೆ ಗುದ್ದಲಿ ತಂದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಪೈಪು ಕಂಡಿತು. ಅವನು ಗುದ್ದಲಿ ಊರಿ ನಿಂತುಬಿಟ್ಟ. "ಇದನ್ನ ಒಡದಿದ್ರ ಓಣಿ ಮಂದಿ ನೀರಿಲ್ದ ಸಾಯ್ತಿದ್ರು. ಕೇಳಿದ್ದ ಛಲೋ ಆತ ಬಿಡು."

ಹೊಸ ನಕ್ಷೆ ಬರೆಸಿದರು. ಪಾಯ ಪೈಪಿನಿಂದ ದೂರ ಸರಿಯಿತು. ಖಾರದ ಮಶಿನ್ ಮಾತ್ರ ಎಲ್ಲಿ ಇಟ್ಟರೂ ಘಾಟು ಅಂಜುಮಳ ಮನೆಗೇ ಹೋಗುವಂತಿತ್ತು. ಅದರಲ್ಲೇ ಲಾಭ ಹೆಚ್ಚು ಎಂದು ಗೊತ್ತಿದ್ದರೂ ರುಕ್ಮವ್ವ ಅದನ್ನು ಕೈಬಿಟ್ಟಳು. "ಜೋಳ, ಗೋದಿ ಸಾಕು. ಆ ಕೂಸಿನ ಉಸರು ಕಟ್ಟಿಸಿ ನಾ ಏನ ದುಡೀಲಿ?"

ನಕ್ಷೆ ನೋಡಿದ್ದೇವೆ, ತಕರಾರಿಲ್ಲ ಎಂದು ನೆರೆಯವರಿಬ್ಬರೂ ಬರೆದು ಸಹಿ ಹಾಕಿದರು. ಅದನ್ನು ಅರ್ಜಿಗೆ ಲಗತ್ತಿಸಿದರು. ಪರವಾನಗಿ ಬಂತು. ಗಿರಣಿ ಈಗ ಹಗಲು ಹೊತ್ತು ನಡೆಯುತ್ತಿದೆ, ಓಣಿಯಲ್ಲಿ ಒಂದು ಜಗಳವಿಲ್ಲ.

ಮನೆ, ಅಂಗಡಿ, ಗಿರಣಿ, ಏನೇ ಕಟ್ಟಲು ಹೊರಟವರೇ, ಅರ್ಜಿ ಕೊಡುವ ಮೊದಲು ನಕ್ಷೆ ಹಿಡಿದು ಅಕ್ಕಪಕ್ಕದ, ಹಿಂದಿನ ಮನೆಗಳಿಗೆ ಹೋಗಿ. ಏನು ಕಟ್ಟುತ್ತೀರಿ, ಎಲ್ಲಿ, ಯಾವ ಹೊತ್ತು ನಡೆಸುತ್ತೀರಿ, ಬಿಚ್ಚಿ ಹೇಳಿ. ಯಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂಬುದನ್ನು ಅರ್ಜಿ ಕೊಡುವ ಕಚೇರಿಯಲ್ಲೇ ಕೇಳಿಕೊಳ್ಳಿ. ನೆರೆಯವರು ನಕ್ಷೆ ತಂದರೆ ನೀವೂ ಸಿಟ್ಟಾಗದೆ ನೋಡಿ, ಗೊತ್ತಿದ್ದುದನ್ನು ಹೇಳಿ. ನಿಮ್ಮ ಜಾಗದ ಬಗ್ಗೆ ನಿಮಗೇ ಗೊತ್ತಿಲ್ಲದ್ದು ಪಕ್ಕದ ಮನೆಯವರಿಗೆ ಗೊತ್ತಿರಬಹುದು.